ಬಿಸಿ ಕೋಣೆಯಲ್ಲಿ ನನ್ನ ದನಿ

ನನ್ನದು ದೊಡ್ಡ ಗಂಟಲು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅತ್ತೆ, “ಈಕಿ ಪಿಸುಮಾತು ಆಡಿದ್ರೂ ಹಿತ್ತಲದಾಗಿನ ಎಮ್ಮಿ ಎದ್ದು ನಿಂದರ್ತೈತಿ” ಎಂದು ಬೀಗರ ಎದುರಿಗೇ ಹೇಳಿದ್ದರು. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಆ ಗಂಟಲನ್ನು ನಂಬಿಕೊಂಡೇ ಇಪ್ಪತ್ತಾರು ವರ್ಷ ರೊಟ್ಟಿ ತಿಂದಿದ್ದೇನೆ. ಹೆಸರು ಸುಗಲಾ ಮಠಪತಿ. ಕೃಷ್ಣಾ ಹಿನ್ನೀರಿನ ದಂಡೆಯ ಮೇಲಿರುವ ಒಂದು ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನದ ಪ್ರಾಧ್ಯಾಪಕಿ. ಇದೇ ಗಂಟಲಿನಿಂದ ನನ್ನ ಕೈಕೆಳಗೆ ಕಲಿತ ಒಂದು ಹುಡುಗಿಯ ಜೀವಕ್ಕೆ ಕುತ್ತು ಬಂತು. ಮಂದಿ ಯಂತ್ರದ ತಪ್ಪು ಅನ್ನುತ್ತಿದ್ದಾರೆ. ಯಂತ್ರದ್ದೆಷ್ಟು, ನನ್ನದೆಷ್ಟು ಎಂದು ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ.

ನಮ್ಮ ಪ್ರಯೋಗಾಲಯದಲ್ಲಿ ಒಂದು ಪರೀಕ್ಷೆ ಇದೆ. ಹುಡುಗರು ಅದನ್ನು ದಮ್ಮಿನ ಪರೀಕ್ಷೆ ಅನ್ನುತ್ತಾರೆ. ನಿಂತಲ್ಲೇ ನಿಂತ ಸೈಕಲ್ಲಿನ ಮೇಲೆ ಕೂರಿಸಿ, ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ, ನಿಮಿಷಕ್ಕೊಮ್ಮೆ ಪೆಡಲಿನ ಭಾರ ಏರಿಸುತ್ತ ಹೋಗುವುದು. ತುಳಿಯುವವರು ತಾವಾಗಿಯೇ ಕೈಬಿಡುವವರೆಗೂ ಪರೀಕ್ಷೆ ಮುಗಿಯುವುದಿಲ್ಲ. ಅವರ ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ಗೊತ್ತಾಗುವುದು ಆ ಕೊನೆಯ ನಿಮಿಷದಲ್ಲಿ. ಬೇಗ ಬಿಟ್ಟರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಅದಕ್ಕೇ ಪಕ್ಕದಲ್ಲಿ ನಿಂತು ಹುರಿದುಂಬಿಸುವವರು ಬೇಕು. ಇದು ನನ್ನ ಗಯ್ಯಾಳಿತನವಲ್ಲ, ಪಠ್ಯಪುಸ್ತಕದಲ್ಲೇ ಇರುವ ಕ್ರಮ. ಪುಸ್ತಕದಲ್ಲಿ ಇಲ್ಲದ್ದು ಒಂದೇ: ಬೇರೆಯವರು ಕೂಗಿದಾಗಿನದಕ್ಕಿಂತ ನಾನು ಕೂಗಿದಾಗ ಹುಡುಗರು ಒಂದೂವರೆ ನಿಮಿಷ ಹೆಚ್ಚು ತುಳಿಯುತ್ತಿದ್ದರು.

ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಅದರ ಕಾರಣವನ್ನು ಹೀಗೆ ಹೇಳುತ್ತಿದ್ದೆ: “ಕಾಲು ಸೋತೈತಿ ಅಂತ ಹೇಳೂದು ಕಾಲಲ್ಲ, ತಲಿ. ಜಾಣ ಹೆಣ್ಣಮಗಳು ಡಬ್ಬಿ ತಳದಾಗ ಎರಡು ಹಿಡಿ ಹಿಟ್ಟು ಉಳಿಸಿಕೊಂಡ ‘ಹಿಟ್ಟು ತೀರೇತಿ’ ಅಂತಾಳಲ್ಲ, ಹಂಗ ತಲಿನೂ ಒಂದಿಷ್ಟು ಶಕ್ತಿ ಮುಚ್ಚಿಟ್ಟು ‘ಆತು, ಮುಗೀತು’ ಅಂತೈತಿ. ತಾವು ನಂಬಿದವರು ಬಾಜೂಕ ನಿಂತು ಒದರಿದ್ರ, ಆ ಮುಚ್ಚಿಟ್ಟದ್ದರಾಗ ಒಂದು ಚಿಟಿಕಿ ಹೊರಗ ಬರ್ತೈತಿ.” ಹುಡುಗರು ನಗುತ್ತಿದ್ದರು. ಆ ಎರಡು ಹಿಡಿಯನ್ನೂ ಯಾರಾದರೂ ಬಳಿದುಕೊಂಡರೆ ಏನಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದಾನೇಶ್ವರಿ ನನ್ನ ಬಳಿ ಎಂಎಸ್ಸಿಗೆ ಸೇರಿದವಳು. ಬೀಳಗಿ ಕಡೆಯ ಹುಡುಗಿ. ಅಪ್ಪ ಮಲ್ಲೇಶಪ್ಪ ಬಸ್ ಕಂಡಕ್ಟರ್. ತಾಯಿ ಈಕೆ ಆರನೆಯ ಇಯತ್ತೆಯಲ್ಲಿದ್ದಾಗಲೇ ತೀರಿಕೊಂಡಿದ್ದಳು. ಹಿಡಿಯಷ್ಟು ಮೈ, ಹಟ ಮಾತ್ರ ಊರಗಲ. ಸೈಕಲ್ ಸ್ಪರ್ಧೆಗಳಲ್ಲಿ ಪ್ರತಿ ಸಲವೂ ನಾಲ್ಕನೆಯವಳಾಗಿ ಬಂದು ರೋಸಿ, ಮೂವರ ಹಿಂದೆ ಯಾಕೆ ಉಳಿಯುತ್ತೇನೆ ಎಂದು ತಿಳಿಯಲೆಂದೇ ಈ ಓದಿಗೆ ಬಂದಿದ್ದಳು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಪ್ರಬಂಧದ ವಿಷಯ ಎತ್ತಿದಳು.

“ಮೇಡಮ್ರೀ, ನೀವು ಒದರಿದ್ರ ಎಲ್ಲಾರೂ ಹೆಚ್ಚಿಗಿ ತುಳೀತಾರ. ನೀವು ಇಲ್ಲದಲ್ಲಿ ಏನು ಮಾಡೂದ್ರಿ?”

“ಇಲ್ಲದಲ್ಲಿ ನಿಮ್ಮ ನಿಮ್ಮ ಹಣೇಬಾರ.”

“ನಿಮ್ಮ ದನಿ ಕಿವ್ಯಾಗ ಇಟ್ರ ಹೆಂಗ್ರಿ? ಸುಮ್ಮನ ಒದರೂದಲ್ಲ. ಬಿಟ್ಟುಬಿಡೂಣು ಅಂತ ತಲ್ಯಾಗ ಬರೂಕಿಂತ ಮೂರು ಸೆಕೆಂಡ್ ಮೊದಲ ಒದರಬೇಕು.”

ಆ ಮೂರು ಸೆಕೆಂಡಿನ ಮಾತು ನನ್ನನ್ನು ಹಿಡಿದು ಕೂರಿಸಿತು. ಮನುಷ್ಯ ಕೈಬಿಡುವ ಮೊದಲು ಮೈ ಅದನ್ನು ಹೇಳಿರುತ್ತದೆ. ಉಸಿರಿನ ತಾಳ ತಪ್ಪುತ್ತದೆ, ತೊಡೆಯ ನಡುಕ ಬದಲಾಗುತ್ತದೆ, ಬೆವರು ಒಮ್ಮೆಲೇ ಹೆಚ್ಚುತ್ತದೆ. ಕಿವಿಯ ಹಿಂದೆ ಅಂಟಿಸುವ ಅವರೆಕಾಳಿನಷ್ಟು ಸಾಧನ ಇದೆಲ್ಲವನ್ನೂ ಓದಬಲ್ಲದು. ಇನ್ನು ನನ್ನ ದನಿ ಎಷ್ಟು ಬೇಕಾದರೂ ಇತ್ತು. ಎಲ್ಲರನ್ನೂ ಒಂದೇ ರೀತಿ ಹುರಿದುಂಬಿಸುತ್ತಿದ್ದೇವೋ ಇಲ್ಲವೋ ನೋಡಲೆಂದು ಹನ್ನೆರಡು ವರ್ಷಗಳಿಂದ ಪ್ರತಿಯೊಂದು ಪರೀಕ್ಷೆಯನ್ನೂ ನಾವು ರೆಕಾರ್ಡ್ ಮಾಡಿಕೊಂಡು ಬಂದಿದ್ದೆವು. ಸಾವಿರದ ನಾಲ್ಕು ನೂರು ಪರೀಕ್ಷೆಗಳು. ದಾನೇಶ್ವರಿಯ ಹಾಸ್ಟೆಲ್ ಗೆಳತಿ, ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಫರ್ಹಾನಾ, ಅಷ್ಟನ್ನೂ ಆ ಸಾಧನಕ್ಕೆ ಕಲಿಸಿದಳು. ಅದಕ್ಕೆ ಕೊಟ್ಟ ಗುರಿ ಒಂದೇ, ಮನುಷ್ಯ ನಿಲ್ಲಬಾರದು. ನಿಲ್ಲಬೇಕೆಂದವನು ಮುಂದುವರಿದರೆ ಅದಕ್ಕೊಂದು ಗೆಲುವು. ಯಾವ ಮಾತಿನಿಂದ ಗೆದ್ದಿತೋ ಆ ಮಾತನ್ನು ನೆನಪಿಟ್ಟುಕೊಂಡು, ಅಂಥವೇ ಹೊಸ ಮಾತುಗಳನ್ನು ನನ್ನ ದನಿಯಲ್ಲಿ ತಾನೇ ಕಟ್ಟಿಕೊಳ್ಳುತ್ತಿತ್ತು. ಹುಡುಗಿಯರು ಅದಕ್ಕೆ ‘ಒತ್ತಾಸೆ’ ಎಂದು ಹೆಸರಿಟ್ಟರು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗಿ ಮೈ ಉಬ್ಬಿತು.

ನಮ್ಮ ವಿಭಾಗದಲ್ಲಿ ನಾನೇ ಹಾಕಿದ ಒಂದು ಕಟ್ಟಳೆ ಇದೆ. ಇನ್ನೊಬ್ಬರ ಮೈಮೇಲೆ ಮಾಡುವ ಪರೀಕ್ಷೆಯನ್ನು ಮೊದಲು ತನ್ನ ಮೈಮೇಲೆ ಮಾಡಿಕೊಳ್ಳಬೇಕು. ಮಾಸ್ಕಿನೊಳಗೆ ಉಸಿರು ಕಟ್ಟುವುದು ಹೇಗಿರುತ್ತದೆಂದು ತಿಳಿಯದವರು ಬೇರೆಯವರಿಗೆ ಮಾಸ್ಕ್ ಹಾಕಬಾರದು. ಹಾಗಾಗಿ ಮೊದಲು ಸೈಕಲ್ ಹತ್ತಿದವಳು ದಾನೇಶ್ವರಿ. ಕಿವಿಯ ಹಿಂದೆ ಒತ್ತಾಸೆ ಅಂಟಿಸಿಕೊಂಡಳು, ನಾನು ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ಕುಳಿತೆ. ಎಂದಿಗಿಂತ ನಾಲ್ಕು ನಿಮಿಷ ಹೆಚ್ಚು ತುಳಿದಳು. ಪ್ರಯೋಗಾಲಯದ ಸಹಾಯಕ ಇಮಾಮಸಾಬ ಮೂವತ್ತು ವರ್ಷದಿಂದ ಇಲ್ಲಿ ಹುಡುಗರ ಬೆವರು ಒರೆಸಿದವನು. ಅವನೂ ಗಡಿಯಾರವನ್ನು ಎರಡು ಸಲ ನೋಡಿದ.

“ಮೇಡಮ್ರೀ, ಇನ್ನ ನಮ್ಮ ನಿಮ್ಮ ನೌಕರಿ ಹೋತು ನೋಡ್ರಿ,” ಎಂದ.

ಆ ಬೇಸಿಗೆಯ ಹೊತ್ತಿಗೆ ಒತ್ತಾಸೆ ನಮ್ಮ ಓಟಗಾರರ ಕಿವಿಯಲ್ಲಿತ್ತು. ಆಮೇಲೆ ಊರಿನವರು ಬಂದರು. ಲಕ್ವಾ ಹೊಡೆದು ಎದ್ದವರು, ಸಕ್ಕರೆ ಕಾಯಿಲೆಯವರು, ಹೆರಿಗೆಯಾದ ಮೇಲೆ ಸೊಂಟ ಹಿಡಿದವರು, ಎಲ್ಲರಿಗೂ ನಡೆಯುವುದಕ್ಕೊಂದು ನೆವ ಬೇಕಿತ್ತು. ಆರುನೂರಕ್ಕೂ ಹೆಚ್ಚು ಜನ ನನ್ನ ದನಿಯನ್ನು ಕಿವಿಗೆ ಅಂಟಿಸಿಕೊಂಡು ಹಿನ್ನೀರಿನ ದಂಡೆಯ ಮೇಲೆ ಬೆಳಿಗ್ಗೆ ಸಂಜೆ ನಡೆಯತೊಡಗಿದರು. ಕೆಲವರು ನನ್ನನ್ನು ಕಂಡು ಕೈಮುಗಿಯುತ್ತಿದ್ದರು. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ.

ನಮ್ಮ ಮನೆಯವರೂ ಒಂದನ್ನು ಕೇಳಿದರು. ಅವರು ಶಿವಪುತ್ರಪ್ಪ, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಮಂಡಿಚಿಪ್ಪು ಬದಲಿಸಿಕೊಂಡ ಮೇಲೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಾನೇ ಅಂಟಿಸಿ ಕೊಟ್ಟೆ.

“ಮನ್ಯಾಗೂ ನೀನ, ಕಿವ್ಯಾಗೂ ನೀನ. ಇನ್ನ ನಾ ಎಲ್ಲಿ ಹೋಗ್ಲಿ?” ಎಂದು ಗೊಣಗಿದರು.

“ಕೆರಿ ದಂಡಿ ತನಕ ಹೋಗಿ ಬರ್ರಿ, ಅಷ್ಟ ಸಾಕು.”

ವಾರದಲ್ಲಿ ಕೋಲು ಬಿಟ್ಟರು. ತಿಂಗಳಲ್ಲಿ ಎರಡು ಕಿಲೋಮೀಟರ್ ನಡೆದು ಬಂದು, ಮುಖ ತೊಳೆದು, ಹಾಡು ಗುನುಗುತ್ತ ಚಿತ್ರ ಬರೆಯಲು ಕೂರುತ್ತಿದ್ದರು. ಮನೆಯಲ್ಲಿ ಜಗಳ ಕಡಿಮೆಯಾಗಿತ್ತು. ನಾನು ಏನು ಹೇಳಿದರೂ ಥಟ್ಟನೆ ಎದ್ದು ಮಾಡಿಬಿಡುತ್ತಿದ್ದರು. ವಯಸ್ಸಾದ ಮೇಲಾದರೂ ಗಂಡನಿಗೆ ಬುದ್ಧಿ ಬಂತು ಎಂದುಕೊಂಡೆ.

ನವೆಂಬರಿನಲ್ಲಿ ಒಂದು ದಿನ ನಾಲ್ಕು ಗಂಟೆಗೆ ವಾಕಿಂಗ್ ಹೋದವರು ಆರಾದರೂ ಬರಲಿಲ್ಲ. ಹೆದ್ದಾರಿಯ ಚಹಾದಂಗಡಿಯವನೊಬ್ಬ ಫೋನ್ ಮಾಡಿದ. “ಅಕ್ಕಾರ, ನಿಮ್ಮ ಯಜಮಾನ್ರು ಇಲ್ಲೇ ಹಾದು ಹೋದರ್ರಿ. ಕಾಲಾಗ ರಕ್ತ ಬರಾಕತ್ತೈತಿ, ನಿಂದರ್ರಿ ಅಂದ್ರ ನಿಂದರವಲ್ಲರು.” ಕಾರು ತೆಗೆದುಕೊಂಡು ಹೋದೆ. ಮನೆಯಿಂದ ಹನ್ನೊಂದು ಕಿಲೋಮೀಟರ್ ದೂರದ ಸೇತುವೆಯ ಮೇಲೆ ಅವರು ನಡೆಯುತ್ತಿದ್ದರು. ಹಿಮ್ಮಡಿಯ ಹತ್ತಿರ ಬಿಳಿ ಕಾಲುಚೀಲ ಕೆಂಪಾಗಿತ್ತು. ಕಾರಿನಿಂದಲೇ, “ಏನ್ರೀ, ನಿಂದರ್ರಿ,” ಎಂದು ಕೂಗಿದೆ. ಅವರ ನಡಿಗೆ ಇನ್ನಷ್ಟು ಬಿರುಸಾಯಿತು. ಕೊನೆಗೆ ಓಡಿಹೋಗಿ ರಟ್ಟೆ ಹಿಡಿದು ಎಳೆದು ನಿಲ್ಲಿಸಬೇಕಾಯಿತು. ಕಿವಿಯಲ್ಲಿ ಆ ಸಾಧನ ಕೂಗುತ್ತಿರುವಾಗ ನನ್ನ ಮಾತು ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ನಾನು ವಿಜ್ಞಾನ ಕಲಿಸುವವಳು, ಅಲ್ಲಿಯೇ ನಿಂತು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು.

ಮನೆಗೆ ತಂದು ಬಿಸಿನೀರಿನಲ್ಲಿ ಕಾಲು ಇಡಿಸಿದೆ.

“ಏನಂತಿತ್ರಿ ಅದು ನಿಮಗ, ಹಿಂಗ ಹುಚ್ಚರಗತೆ ನಡಿಯಾಕ?”

“ಭಾಳ ಛಲೋ ನಡಿಯಾಕತ್ತೀರಿ ಅಂತಿತ್ತು,” ಎಂದರು. ಆಮೇಲೆ, “ಮೂವತ್ತೊಂದು ವರ್ಷದಾಗ ನೀ ಒಮ್ಮಿನೂ ಹಂಗ ಅಂದಿಲ್ಲ, ಸುಗಲಾ,” ಎಂದರು.

ಅವರು ಹೇಳಿದ್ದು ಖರೆ. ನನಗೆ ಅಳು ಬಂತು, ಟವೆಲ್ ತರುವ ನೆವ ಮಾಡಿ ಒಳಗೆ ಹೋದೆ.

ಮರುದಿನ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು ಹಳೆಯ ರೆಕಾರ್ಡಿಂಗುಗಳನ್ನು ಕೇಳಲು ಕುಳಿತೆ. ಮೂವತ್ತು ಕೇಳಿದೆ, ನಲವತ್ತು ಕೇಳಿದೆ. “ತುಳಿ, ತುಳಿ, ಇನ್ನೊಂದು ನಿಮಿಷ, ಯಾಕ ಮೈಗಳ್ಳ, ತುಳಿ.” ಪ್ರತಿಯೊಂದೂ ಅಲ್ಲಿಗೇ ಕಟ್ ಆಗುತ್ತಿತ್ತು. ಯಾಕೆಂದು ಹೊಳೆಯಲು ನನಗೆ ಅರ್ಧ ದಿನ ಬೇಕಾಯಿತು. ನಮ್ಮಲ್ಲಿ ಮಾಸ್ಕ್ ತೆಗೆದ ಕೂಡಲೇ ರೆಕಾರ್ಡರ್ ಬಂದ್ ಮಾಡುವುದು ವಾಡಿಕೆ. ಮಾಸ್ಕ್ ತೆಗೆದ ಮೇಲೆ ಅಳೆಯುವುದು ಏನಿದೆ? ಆದರೆ ನಾನು ಬೇರೆ ಹೆಂಗಸಾಗುತ್ತಿದ್ದುದೇ ಆಗ. ಹುಡುಗರನ್ನು ಇಳಿಸಿ, ಬೆನ್ನು ತಿಕ್ಕಿ, “ಕೂಡ್ರು, ಸಾವಕಾಶ ಉಸರ ತಗೋ, ಆತು ಬಿಡು, ಮಜ್ಜಿಗಿ ಕುಡಿ,” ಎನ್ನುತ್ತಿದ್ದೆ. ಸಾವಿರದ ನಾಲ್ಕು ನೂರು ಸಲ ಹಾಗೆ ಅಂದಿದ್ದೇನೆ. ಒಂದು ಸಲವೂ ಯಂತ್ರ ಅದನ್ನು ಕೇಳಿಸಿಕೊಂಡಿಲ್ಲ. ನಾನು ಯಾರನ್ನಾದರೂ ಕೂರಿಸುತ್ತೇನೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ.

ದಾನೇಶ್ವರಿಯನ್ನು ಕರೆಸಿದೆ. ಅವಳು ಆಗ ಅಂತಿಮ ಪ್ರಯೋಗದ ತಯಾರಿಯಲ್ಲಿದ್ದಳು. ಬಿಸಿ ಕೋಣೆಯಲ್ಲಿ, ಮೂವತ್ತೆಂಟು ಡಿಗ್ರಿ ಸೆಕೆಯಲ್ಲಿ ಒತ್ತಾಸೆ ಎಷ್ಟು ಕೆಲಸ ಮಾಡುತ್ತದೆ ಎಂಬ ಪ್ರಯೋಗ. ಕಣ್ಣು ಒಳಸೇರಿದ್ದವು. ಕೆನ್ನೆಯ ಎಲುಬು ಕಾಣುತ್ತಿತ್ತು. ಒತ್ತಾಸೆ ಅವಳಿಗೆ ಹೇಳಿದ ಮಾತುಗಳ ಪಟ್ಟಿಯನ್ನು ತರಲು ಹೇಳಿದ್ದೆ. ತಂದು ಮುಂದಿಟ್ಟಳು. ಮೊದಲ ಪುಟದಲ್ಲಿ ನನ್ನ ಬೈಗುಳಗಳಿದ್ದವು. ಹತ್ತನೆಯ ಪುಟದಲ್ಲಿ ಬೈಗುಳ ಕಡಿಮೆಯಾಗಿದ್ದವು. ಮೂವತ್ತನೆಯ ಪುಟದಲ್ಲಿ, ‘ದಾನವ್ವ, ನನ್ನ ಮಗಳ, ನಾ ಇಲ್ಲೇ ಅದೀನಿ, ಇನ್ನೊಂದೀಟು ತುಳಿ’ ಎಂದಿತ್ತು.

“ಇದನ್ನ ನಾ ಯಾವಾಗ ಅಂದೀನಿ?”

“ನೀವು ಅಂದಿಲ್ರಿ. ಅದ ಹುಡಿಕ್ಯಾಡಿ ತಗದೈತಿ. ಬೈದ್ರ ನಾ ಹತ್ತು ಸೆಕೆಂಡ್ ಹೆಚ್ಚಿಗಿ ತುಳೀತೀನಿ. ಮಗಳ ಅಂದ್ರ ನಲವತ್ತು.”

ಹೇಳುವಾಗ ಅವಳು ನಗುತ್ತಿದ್ದಳು. ಪಟ್ಟಿಯನ್ನು ಮಡಿಚಿ, ಈ ಪ್ರಯೋಗ ಇಲ್ಲಿಗೆ ಬಂದ್ ಎಂದೆ. ಸಾಧನ ಎಲ್ಲಿ ತಪ್ಪಿದೆಯೆಂದು ತೋರಿಸಿದೆ. ಇದ್ದ ವಿಷಯವನ್ನೇ ಬರೆದು ಪ್ರಬಂಧ ಮುಗಿಸು, ನಾನು ಪಾಸು ಮಾಡಿಸುತ್ತೇನೆ ಎಂದೆ. ಬಿಸಿ ಕೋಣೆಯ ಕಡೆ ತಲೆ ಹಾಕಬೇಡ ಎಂದು ಎರಡೆರಡು ಸಲ ಹೇಳಿದೆ. ಅವಳು ಕಿವಿಯ ಹಿಂದಿನ ಸಾಧನ ಕಿತ್ತು ಮೇಜಿನ ಮೇಲಿಟ್ಟಳು.

“ಅದು ನನಗ ಎಂದೂ ಸುಳ್ಳು ಹೇಳಿಲ್ರಿ, ಮೇಡಮ್ರೀ,” ಎಂದಳು. “ನನ್ನ ಕಡಿಂದ ಆಗ್ತೈತಿ ಅಂದಾಗೆಲ್ಲಾ ಆಗೇತಿ. ನೀವು ಆಗೂದಿಲ್ಲ ಅಂತೀರಿ.”

“ಆಗೂದಿಲ್ಲ ಅನ್ನೂದಿಲ್ಲ, ಹುಚ್ಚಿ. ಆಗಬಾರದು ಅಂತೀನಿ.”

ತಲೆಯಾಡಿಸಿ ಹೋದಳು. ಆಗ ಎದ್ದು ಅವಳ ತಲೆಯ ಮೇಲೆ ಕೈಯಿಡಬೇಕು ಅನ್ನಿಸಿತ್ತು. ಯಂತ್ರ ಆಡಿದ ಮಾತನ್ನು ನಾನೂ ಆಡಿದಂತಾಗುತ್ತದೆ ಎಂದು ಸಂಕೋಚವಾಗಿ ಸುಮ್ಮನೆ ಕುಳಿತೆ. ಅವಳ ಬಳಿ ಇನ್ನೊಂದು ಒತ್ತಾಸೆ ಇತ್ತೆಂದು ನನಗೆ ಹೊಳೆಯಲಿಲ್ಲ.

ಸೋಮವಾರ ಹತ್ತರ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಇಮಾಮಸಾಬ ಬಾಗಿಲಲ್ಲಿ ಬಂದು ನಿಂತ.

“ಮೇಡಮ್ರೀ, ದಾನವ್ವ ಬಿಸಿ ಕೋಣ್ಯಾಗ ಒಂಬತ್ತರಿಂದ ತುಳ್ಯಾಕತ್ತಾಳ. ಮೇಡಂ ಹೂಂ ಅಂದಾರ, ಮುಂಜಾನೆ ಅವರ ಎಬ್ಬಿಸಿ ಕಳಿಸ್ಯಾರ ಅಂದ್ಲು. ನನಗ ಯಾಕೋ ಮನಸ ತಡೀಲಿಲ್ಲ.”

ಎಬ್ಬಿಸಿದ್ದು ನಾನಲ್ಲ, ಅವಳ ಬಳಿ ಉಳಿದಿದ್ದ ಇನ್ನೊಂದು ಒತ್ತಾಸೆ. ಪುಸ್ತಕ ಅಲ್ಲೇ ಬಿಟ್ಟು ಓಡಿದೆ. ಬಿಸಿ ಕೋಣೆ ನಾಲ್ಕು ಹೆಜ್ಜೆ ಅಗಲದ ಕಬ್ಬಿಣದ ಪೆಟ್ಟಿಗೆಯಂಥದು. ಒಂದು ಪಕ್ಕ ದಪ್ಪ ಗಾಜು. ಹೊರಗೆ ಕುಳಿತವರು ಮೈಕಿನಲ್ಲಿ ಮಾತಾಡಿದರೆ ಒಳಗೆ ಸ್ಪೀಕರಿನಲ್ಲಿ ಕೇಳುತ್ತದೆ. ನಡುವೆ ಯಾರಾದರೂ ಬಾಗಿಲು ತೆಗೆದರೆ ಸೆಕೆ ಇಳಿಯುತ್ತದೆ ಎಂದು ಹಿಂದೊಬ್ಬ ವಿದ್ಯಾರ್ಥಿ ಒಳಗಿನಿಂದ ಚಿಲಕ ಹಾಕಿಸಿಕೊಂಡಿದ್ದ. ತೆಗೆಸಬೇಕು ಎಂದು ನಾನು ಮೂರು ವರ್ಷದಿಂದ ಅನ್ನುತ್ತಲೇ ಇದ್ದೆ. ಈಗ ಆ ಚಿಲಕ ಒಳಗಿನಿಂದ ಹಾಕಿತ್ತು. ಇಮಾಮಸಾಬ ಹಾರೆಕೋಲು ತರಲು ಕಟ್ಟಡ ಕೆಲಸದವರ ಕಡೆ ಓಡಿದ. ನಾನು ಹೊರಗಿನ ಸ್ವಿಚ್ಚಿನಿಂದ ಬಿಸಿಗಾಳಿ ಬಂದ್ ಮಾಡಿ ಮೈಕ್ ಹಿಡಿದೆ.

“ದಾನೇಶ್ವರಿ, ನಿಲ್ಲಿಸು.”

ಅವಳು ಬಗ್ಗಿಸಿದ ತಲೆ ಎತ್ತಿದಳು. ಗಾಜಿನಾಚೆಯಿಂದ ನನ್ನನ್ನು ನೋಡಿ ನಕ್ಕಳು. ತುಟಿ ಬಿಳಚಿಕೊಂಡಿತ್ತು, ಮೈಮೇಲೆ ಬೆವರು ಒಣಗಿ ಉಪ್ಪು ಕೂತಿತ್ತು. ಪರದೆಯ ಮೇಲೆ ನಿಮಿಷಕ್ಕೆ ಎಪ್ಪತ್ತು ಸುತ್ತು ಇದ್ದದ್ದು ಎಂಬತ್ತಾಯಿತು.

“ನಿಲ್ಲಿಸು ಅಂದ್ನಲ್ಲ. ಕೇಳಸೂದಿಲ್ಲೇನು ನಿನಗ?”

ಎಂಬತ್ತೆಂಟು. ಕಿವಿಯಲ್ಲಿ ಒತ್ತಾಸೆ ನನ್ನ ದನಿಯನ್ನು ನುಂಗುತ್ತಿದೆ, ಅದಕ್ಕಿಂತ ಜೋರಾಗಿ ಕೂಗಬೇಕು ಎಂದುಕೊಂಡೆ. ಕೂಗಿದೆ. ಬೈದೆ. ಪದವಿ ಕೊಡುವುದಿಲ್ಲ, ಅಪ್ಪನನ್ನು ಕರೆಸುತ್ತೇನೆ ಎಂದೆ. ಗಾಜನ್ನು ಗುದ್ದಿದೆ. ಕೊನೆಗೆ ನನ್ನ ಬಾಯಿಂದ, “ನನ್ನ ಮಗಳ, ನಿನ್ನ ಕಾಲಿಗಿ ಬೀಳ್ತೀನಿ, ಇಳಿ ಕೆಳಗ,” ಎಂದು ಬಂತು. ಅದು ಯಂತ್ರದ ಮಾತಾಗಿರಲಿಲ್ಲ, ನನ್ನದೇ ಆಗಿತ್ತು. ತೊಂಬತ್ತಾರು. ಹದಿನೇಳು ನಿಮಿಷ ನಾನು ಒಂದೇ ಸಮನೆ ಕೂಗಿದೆ. ನನ್ನ ಗಂಟಲು ಒಡೆಯುವ ಹೊತ್ತಿಗೆ ಇಮಾಮಸಾಬ ಇಬ್ಬರು ಗೌಂಡಿಗಳ ಜೊತೆ ಬಂದು ಬಾಗಿಲು ಮೀಟಿದ. ನಾವು ಅವಳನ್ನು ಸೈಕಲ್ಲಿನಿಂದ ಎತ್ತಿ ಮಲಗಿಸಿದೆವು. ನಾನು ಕಿವಿಯ ಹಿಂದಿನ ಒತ್ತಾಸೆಯನ್ನು ಕಿತ್ತು ಎಸೆದೆ. ಕಾಲುಗಳು ನೆಲದ ಮೇಲೂ ತುಳಿಯುತ್ತಲೇ ಇದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ನಾನೇ ಅದನ್ನು ಮೂರನೆಯ ಸೆಮಿಸ್ಟರಿಗೆ ಪಾಠ ಮಾಡುತ್ತೇನೆ. ಮಿತಿ ಮೀರಿ ದುಡಿದ ಸ್ನಾಯುವಿನ ಎಳೆಗಳು ಒಡೆದು, ಒಳಗಿದ್ದದ್ದೆಲ್ಲ ರಕ್ತಕ್ಕೆ ಸೇರುತ್ತದೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತುಬಿಡಬಹುದು. ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಹಚ್ಚಿದರು. ರಕ್ತದೊತ್ತಡ ಬೀಳುತ್ತಿದ್ದುದರಿಂದ ನಿದ್ದೆಯ ಔಷಧ ಹೆಚ್ಚು ಕೊಡುವಂತಿರಲಿಲ್ಲ. “ಇನ್ನು ಮೂರ್ನಾಲ್ಕು ದಿನ ಕಾಲು ಅಲುಗಬಾರದು,” ಎಂದರು ಡಾಕ್ಟರು. “ಉಳಿದ ಸ್ನಾಯು ಒಡೆದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.”

ಮರುದಿನ ಬೆಳಿಗ್ಗೆ ಫರ್ಹಾನಾ ಅತ್ತು ಅತ್ತು ಕೆಂಪಾದ ಕಣ್ಣಿನಲ್ಲಿ ಒತ್ತಾಸೆಯೊಳಗಿನ ದಾಖಲೆ ತೆಗೆದು ತಂದಳು. ಸೈಕಲ್ಲಿನ ದಾಖಲೆಯ ಪಕ್ಕದಲ್ಲಿ ಅದನ್ನಿಟ್ಟು, ಗಡಿಯಾರ ಹೊಂದಿಸಿ ನೋಡಿದೆವು. ಒತ್ತಾಸೆಯೊಳಕ್ಕೆ ಬೆವರು ಇಳಿದು ಅದು ಕೆಟ್ಟು ನಿಂತದ್ದು ಹತ್ತು ಗಂಟೆ ಹತ್ತೊಂಬತ್ತು ನಿಮಿಷಕ್ಕೆ. ಅದು ಮೂಕಾದ ಮೇಲೆ ಎರಡು ನಿಮಿಷ ಅವಳ ತುಳಿತ ನಿಧಾನವಾಗುತ್ತ ಬಂದಿತ್ತು. ಕೈಬಿಡುವ ಲಕ್ಷಣವೆಲ್ಲ ಇತ್ತು. ನಾನು ಮೈಕ್ ಹಿಡಿದದ್ದು ಹತ್ತು ಇಪ್ಪತ್ತೊಂದಕ್ಕೆ.

ಅಲ್ಲಿಂದ ಮುಂದೆ ನಾನು ಕೂಗಿದ ಪ್ರತಿ ಜಾಗದಲ್ಲೂ ಗೆರೆ ಒಂದೊಂದು ಮೆಟ್ಟಿಲು ಮೇಲೇರಿತ್ತು. ಅವಳ ಕಿವಿಯಲ್ಲಿ ಬೇರೆ ಯಾವ ದನಿಯೂ ಇರಲಿಲ್ಲ. ಎಂಟು ತಿಂಗಳು ದಿನಕ್ಕೆ ನೂರು ಸಲ, ಈ ದನಿ ಕೇಳಿದರೆ ತುಳಿಯಬೇಕು ಎಂದು ಒತ್ತಾಸೆ ಆ ಮೈಗೆ ಕಲಿಸಿತ್ತು. ಮಾತಿನ ಅರ್ಥ ತಲೆಗೆ ಹೋಗುವ ಮೊದಲೇ ದನಿ ಕಾಲಿಗೆ ತಲುಪುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಗಾಜಿನ ಮುಂದೆ ನಿಂತಿದ್ದರೆ ಅವಳು ತಾನೇ ಇಳಿಯುತ್ತಿದ್ದಳು. ಆ ಹುಡುಗಿಯನ್ನು ಕೊನೆಯ ಹದಿನೇಳು ನಿಮಿಷ ತುಳಿಸಿದವಳು ನಾನು. ಅದನ್ನು ಓದಿ ನನಗೆ ಅಲ್ಲಿಯೇ ಸತ್ತುಹೋಗಬೇಕು ಅನ್ನಿಸಿತು.

ಮನೆಗೆ ಬಂದೆ. ಮನೆಯವರು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಸೇತುವೆಯ ಸಂಜೆಯಿಂದ ಅವರು ಒತ್ತಾಸೆ ಮುಟ್ಟಿರಲಿಲ್ಲ. “ಚಹಾ ಮಾಡ್ಲೇನ್ರಿ?” ಎಂದೆ. ಅವರು ಪೇಪರ್ ಕೆಳಗಿಟ್ಟು ಎದ್ದು ನಿಂತರು.

“ಯಾಕ ಎದ್ರಿ?”

“ಯಾಕೋ,” ಎಂದರು, ತಮ್ಮ ಕಾಲುಗಳನ್ನೇ ನೋಡಿಕೊಳ್ಳುತ್ತ. “ಹಿಂಗಽ ಆಗಾಕತ್ತೈತಿ ಈಗೀಗ.”

ಅಡುಗೆಮನೆಗೆ ಹೋಗಿ, ಅವರಿಗೆ ಕೇಳುವಂತೆ ಸುಮ್ಮನೆ ಕಾಯಿಪಲ್ಯದ ಹೆಸರು ಹೇಳತೊಡಗಿದೆ. ಬದನೇಕಾಯಿ, ಹೀರೇಕಾಯಿ, ಚವಳಿಕಾಯಿ. ಬಾಗಿಲ ಸಂದಿಯಿಂದ ನೋಡಿದೆ. ಅವರು ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು, ಮುಖದಲ್ಲಿ ಗಾಬರಿ ತುಂಬಿತ್ತು. ಬಾಯಿ ಮುಚ್ಚಿದೆ. ಅವರು ನಿಂತರು. ನನಗೆ ಊರಿನ ಆರುನೂರು ಜನರ ನೆನಪಾಯಿತು.

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಹಾಳೆಯೊಂದರಲ್ಲಿ, ನನ್ನ ದನಿ ಅವಳ ಕಿವಿಗೆ ಯಾಕೆ ಬೀಳಬಾರದು ಎಂಬುದೆಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. ದಾನೇಶ್ವರಿ ಕಣ್ಣು ಮುಚ್ಚಿ ಮಲಗಿದ್ದಳು. ಒಂದು ಪಕ್ಕ ರಕ್ತ ತಿರುಗಿಸುವ ಯಂತ್ರ, ನಳಿಕೆಗಳು. ಇನ್ನೊಂದು ಪಕ್ಕ ಖಾಕಿ ಅಂಗಿಯಲ್ಲೇ ಬಂದಿದ್ದ ಮಲ್ಲೇಶಪ್ಪ. ನನ್ನನ್ನು ಕಂಡ ಕೂಡಲೇ ಕೈಮುಗಿದರು.

“ಬಂದ್ರೀ, ಮೇಡಮ್ರೀ? ನಾ ಎಷ್ಟು ಕರದ್ರೂ ಕಣ್ಣ ತಗೀವಲ್ಲಳ್ರಿ. ನಿಮ್ಮ ಮ್ಯಾಲ ಜೀವ ಇಟ್ಟಾಳ. ನೀವೊಂದು ಮಾತು ಕರೀರಿ, ಎದ್ದು ಕೂಡ್ರತಾಳ.”

ತಲೆಯಾಡಿಸಿ ಹಾಳೆ ಕೊಟ್ಟೆ. ಅವರು ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು. ಮುಖದ ಬಣ್ಣ ಬದಲಾಯಿತು.

“ದನಿ ಕೇಳಿ ಯಾರರೆ ಸಾಯ್ತಾರೇನ್ರಿ? ನಾ ಕಲಿಯದಾವ ಅಂತ ಏನಾರ ಬರದ ಕೊಡ್ತೀರೇನು? ತಾಯಿ ಇಲ್ಲದ ಕೂಸು, ನೀವು ಮಗಳ ಅಂದ್ರಿ ಅಂತ ಊರಾಗೆಲ್ಲಾ ಹೇಳಿಕೊಂಡ ಬಂದೀನಿ ನಾ. ಈಗ ಬಾಯಿ ಬಿಡಾಕ ಒಲ್ಲೆ ಅಂತೀರಿ.”

ನಾನು ಕೈಮುಗಿದೆ. ಹಾಳೆಯನ್ನು ಬೆರಳಿನಿಂದ ಕುಟ್ಟಿ ತೋರಿಸಿದೆ. ಅವರು ಅದನ್ನು ಮುದ್ದೆ ಮಾಡಿ ಕೆಳಗೆಸೆದು, ಅಂಗಿಯ ಜೇಬಿನಿಂದ ಮೊಬೈಲ್ ತೆಗೆದರು.

“ನೀವು ಕರೀದಿದ್ರ ಬಿಡ್ರಿ. ನಿಮ್ಮ ದನಿ ನನ್ನ ಕಡೆ ಐತಿ. ದಾನವ್ವ ತಾನ ಕಳಿಸಿದ್ಲು, ‘ಅಪ್ಪಾ, ಮೇಡಂ ನನಗ ಏನಂತಾರ ಕೇಳು’ ಅಂತ.”

ನಡುವೆ ಮಂಚ ಇತ್ತು, ನಳಿಕೆಗಳಿದ್ದವು. ಬೇಡ ಎಂದು ಕೂಗಲು ಬಾಯಿ ತೆರೆದೆ, ಅದೂ ನನ್ನದೇ ದನಿ ಎಂದು ನೆನಪಾಗಿ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಂಚವನ್ನು ಸುತ್ತಿ ಓಡುವಷ್ಟರಲ್ಲಿ ಅವರು ಮೊಬೈಲನ್ನು ಮಗಳ ಕಿವಿಗೆ ಹಿಡಿದಿದ್ದರು. ‘ದಾನವ್ವ, ನನ್ನ ಮಗಳ, ನಾ ಇಲ್ಲೇ ಅದೀನಿ,’ ಎಂದು ನಾನು ಎಂದೂ ಆಡದ ಮೆತ್ತಗಿನ ದನಿಯಲ್ಲಿ ನಾನು ಹೇಳುತ್ತಿದ್ದೆ. ಹೊದಿಕೆಯ ಕೆಳಗೆ ಬಲಗಾಲು ಅಲುಗಿತು, ಹಿಂದೆಯೇ ಎಡಗಾಲು.

ಮಲ್ಲೇಶಪ್ಪನವರ ಮುಖ ಅರಳಿತು. “ನೋಡ್ರಿ ಮೇಡಮ್ರೀ,” ಎಂದರು, “ಕಾಲು ಆಡಸಾಕತ್ತಾಳ.”